ನವಿಲುಗರಿಯ ನೀಲಿ ಎಲ್ಲಿದೆ?

ಹತ್ತನೆಯ ತರಗತಿಯ ‘ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು’ ಪಾಠ ಮುಗಿಯುವ ಹೊತ್ತಿಗೆ ಆಕಾಶ ನೀಲಿಯಾಗಿ ಕಾಣಲು ಕಾರಣ ಮಕ್ಕಳಿಗೆ ಬಾಯಿಪಾಠವಾಗಿರುತ್ತದೆ: ಬೆಳಕಿನ ಚದುರುವಿಕೆ. ತೊಡಕು ಶುರುವಾಗುವುದು ಆಮೇಲೆ. ಕಂಡ ನೀಲಿಗೆಲ್ಲ ಅದೇ ಉತ್ತರ ಬರೆಯುತ್ತಾರೆ. ನಾಲತವಾಡದಲ್ಲಿ ಅಭ್ಯಾಸ ಬೋಧನೆಯ ವೇಳೆ ಇದಕ್ಕಾಗಿ ನಾನು ಬಳಸಿದ ಬೋಧನೋಪಕರಣ ಮೂರೇ: ಹೊಲದಲ್ಲಿ ತಾನಾಗಿ ಉದುರಿದ್ದ ನವಿಲುಗರಿ, ಒಂದು ಚೆಂಡು ಹೂವು, ಕಿಟಕಿಯ ಬಿಸಿಲು.

ಕಿಟಕಿಗೆ ಬೆನ್ನು ಮಾಡಿ ನಿಂತು ನೋಡಿದರೆ ಗರಿಯ ಕಣ್ಣು ಹೊಳೆಯುವ ನೀಲಿ. ಅದನ್ನೇ ಬೆಳಕಿಗೆ ಅಡ್ಡ ಹಿಡಿದರೆ ಮಂಕು ಕಂದು. ಚೆಂಡು ಹೂವಿನ ಎಸಳು ಮಾತ್ರ ಹೇಗೆ ಹಿಡಿದರೂ ಹಳದಿಯೇ. “ಸರ್, ನೀಲಿ ಎಲ್ಲಿ ಹೋತ್ರಿ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಪಾಠಯೋಜನೆಯಲ್ಲಿ ನಾನು ಬರೆದಿಟ್ಟ ಪ್ರಶ್ನೆಗಿಂತ ಇದು ಚೆನ್ನಾಗಿತ್ತು.

ಹೂವಿನಲ್ಲಿ ಹಳದಿ ವರ್ಣದ್ರವ್ಯವಿದೆ. ಗರಿಯಲ್ಲಿ ನೀಲಿ ದ್ರವ್ಯವೇ ಇಲ್ಲ; ಇರುವುದು ನಮ್ಮ ಕೂದಲಲ್ಲೂ ಇರುವ ಕಂದುಗಪ್ಪು ಮೆಲನಿನ್. ಅದರ ಅತಿ ಸಣ್ಣ ಕಡ್ಡಿಗಳು ಗರಿಯ ಎಳೆಗಳೊಳಗೆ ಕ್ರಮವಾಗಿ ಜೋಡಿಸಿಕೊಂಡಿವೆ. ನೀಲಿ ಭಾಗದಲ್ಲಿ ಕಡ್ಡಿಯಿಂದ ಕಡ್ಡಿಗೆ ಅಂತರ ಸುಮಾರು 140 ನ್ಯಾನೊಮೀಟರ್, ಹಸಿರು ಭಾಗದಲ್ಲಿ ಸುಮಾರು 150. ಒಂದು ಸಾಲಿನಿಂದಲೂ ಅದರ ಹಿಂದಿನ ಸಾಲಿನಿಂದಲೂ ಬೆಳಕು ಮರಳುತ್ತದೆ. ಹಿಂದಿನ ಸಾಲಿಗೆ ಹೋಗಿಬರುವ ಹೆಚ್ಚುವರಿ ದಾರಿ 280. ವಕ್ರೀಭವನ ಸೂಚ್ಯಂಕ ಸರಾಸರಿ 1.6 ಎಂದು ಹಿಡಿದು ಗುಣಿಸಿದರೆ ಸುಮಾರು 450. ಅದು ನೀಲಿ ಬೆಳಕಿನ ತರಂಗದೂರ! ಆ ತರಂಗಗಳು ಏರಿಗೆ ಏರು ಕೂಡಿ ಬಲಗೊಳ್ಳುತ್ತವೆ, ಇದು ವ್ಯತಿಕರಣ. ಲೆಕ್ಕ ಸ್ಥೂಲವಾದದ್ದು, ಆದರೆ ಕರಿಹಲಗೆಯ ಮೇಲೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಗರಿಯನ್ನು ಅಡ್ಡ ಹಿಡಿದಾಗ ನಮ್ಮ ಕಣ್ಣಿಗೆ ಬರುವುದು ಮರಳಿದ ಬೆಳಕಲ್ಲ, ಹಾದುಬಂದ ಬೆಳಕು. ಆಗ ಕಾಣುವುದು ಮೆಲನಿನ್‌ನ ಕಂದು.

ಈ ವಿಷಯಕ್ಕೆ ಕರ್ನಾಟಕದ ನಂಟೂ ಇದೆ. ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಹಕ್ಕಿಗಳ ಗರಿಯ ಬಣ್ಣದ ಮೂಲ ಕುರಿತು ಪ್ರಬಂಧ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ನೀಲಕಂಠದ ಗರಿ. ಇಂದು ಅದು ನಮ್ಮ ರಾಜ್ಯಪಕ್ಷಿ, ನಮ್ಮ ಭಾಗದ ಹೊಲಗಳಲ್ಲಿ ವಿದ್ಯುತ್ ತಂತಿಯ ಮೇಲೆ ಕೂತಿರುತ್ತದೆ. ಆ ನೀಲಿಗೆ ಬರಿಯ ಚದುರುವಿಕೆಯ ವಿವರಣೆ ಸಾಲದು ಎಂಬುದು ಅವರ ವಾದವಾಗಿತ್ತು. ನಮ್ಮ ಮಕ್ಕಳು ಬರೆಯುವ ಉತ್ತರವನ್ನೇ ರಾಮನ್ ಪ್ರಶ್ನಿಸಿದ್ದರು ಎಂದಾಗ ತರಗತಿ ಕಿವಿಗೊಟ್ಟು ಕೇಳಿತು.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಚಿತ್ರಪಟ ಮೊದಲು ತೂಗುಹಾಕಬೇಡಿ. ಗರಿ ಮಕ್ಕಳ ಕೈಯಲ್ಲಿ ಒಂದು ಸುತ್ತು ಬರಲಿ. ಮನೆಗೆಲಸಕ್ಕೆ ನಾನು ಕೊಟ್ಟದ್ದು ಜೋಳದ ಹೊಲದ ಜೇಡನ ಎಳೆ: ಮುಂಜಾನೆ ಬಿಸಿಲಿಗೆ ಎದುರಾಗಿ ನೋಡಿ, ತಲೆ ತುಸು ಸರಿಸಿ, ಬಣ್ಣ ಬದಲಾಗುತ್ತದೆಯೇ ಬರೆದು ತನ್ನಿ.