ಕರ್ವಾಲೊ ಯಾವ ಕಪಾಟಿನಲ್ಲಿದೆ? ವಿಶ್ವವಿದ್ಯಾಲಯ ಗ್ರಂಥಾಲಯದ ದಿನಚರಿ ಮತ್ತು ಕನ್ನಡ ಸಂಶೋಧನೆ

ಕನ್ನಡ ಸಂಶೋಧನೆಯ ವಿಧಿವಿಧಾನಗಳನ್ನು ಕುರಿತು ನಮ್ಮಲ್ಲಿ ಚರ್ಚೆಗೆ ಕೊರತೆಯಿಲ್ಲ. ಆಕರಗಳ ಪ್ರಾಚೀನತೆ, ಪಾಠಾಂತರಗಳ ಪರಿಶೀಲನೆ, ಸೈದ್ಧಾಂತಿಕ ನಿಲುವುಗಳು ಇವೆಲ್ಲ ಮತ್ತೆ ಮತ್ತೆ ಪ್ರಸ್ತಾಪಕ್ಕೆ ಬಂದಿವೆ. ಆದರೆ ಒಂದು ಮುದ್ರಿತ ಆಕರವು ಸಂಶೋಧಕನ ಮೇಜಿಗೆ ಬರುವ ಮುನ್ನ ಯಾರ ಯಾರ ಕೈಗಳನ್ನು ದಾಟಿ ಬರುತ್ತದೆ, ಆ ಕೈಗಳ ಕೆಲಸವು ಸಂಶೋಧನೆಯ ದಿಕ್ಕನ್ನು ಹೇಗೆ ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ. ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ ‘ಗ್ರಂಥಾಲಯದ ಸಿಬ್ಬಂದಿ ವರ್ಗಕ್ಕೆ’ ಎಂಬ ಒಂದು ಸಾಲು ಬರುತ್ತದೆ. ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯವೊಂದರ ದೈನಂದಿನ ಕಾರ್ಯವಿಧಾನವನ್ನು ಕನ್ನಡ ಅಧ್ಯಯನದ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿವರಣೆಗೆ ಮೂಡಿಗೆರೆಯ ಲೇಖಕರೊಬ್ಬರ ಕೃತಿಗಳನ್ನು ನಿದರ್ಶನವಾಗಿ ಇಟ್ಟುಕೊಂಡಿದ್ದೇನೆ. ಅದು ನನ್ನ ಊರಿನ ಕಡೆಯ ಅಭಿಮಾನವೂ ಹೌದು. ಆದರೆ ಆ ಕೃತಿಗಳಷ್ಟು ಗ್ರಂಥಾಲಯಕ್ಕೆ ತೊಡಕು ತರುವ ಬೇರೆ ಉದಾಹರಣೆ ಆಧುನಿಕ ಕನ್ನಡದಲ್ಲಿ ಸುಲಭವಾಗಿ ಸಿಗಲಾರದು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಅದರ ವಿಜ್ಞಾನಿ ಮೂಡಿಗೆರೆಯ ಕೃಷಿ ಸಂಶೋಧನಾ ಕೇಂದ್ರದವನು. ಇಂದು ಮೂಡಿಗೆರೆಯ ಸಂಶೋಧನಾ ಕೇಂದ್ರವೂ ತೋಟಗಾರಿಕಾ ಮಹಾವಿದ್ಯಾಲಯವೂ 2012ರಲ್ಲಿ ಸ್ಥಾಪನೆಯಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಕನ್ನಡ ಎಂ.ಎ. ಓದಬಯಸುವ ಮೂಡಿಗೆರೆಯ ವಿದ್ಯಾರ್ಥಿಯಾದರೋ ಚಿಕ್ಕಮಗಳೂರು, ತರೀಕೆರೆಗಳನ್ನು ದಾಟಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕಡೆಗೆ ಹೋಗುತ್ತಾನೆ. ಹೀಗೆ ಒಂದೇ ತಾಲ್ಲೂಕಿನಲ್ಲಿ ಹುಟ್ಟಿದ ಕೃತಿಯೊಂದು ವಸ್ತುವಿನಿಂದ ಒಂದು ಬಗೆಯ ಗ್ರಂಥಾಲಯಕ್ಕೂ ಪ್ರಕಾರದಿಂದ ಇನ್ನೊಂದು ಬಗೆಯ ಗ್ರಂಥಾಲಯಕ್ಕೂ ಸೇರುತ್ತದೆ. ಪುಸ್ತಕ ಮಾತ್ರ ಒಂದು ಸಲಕ್ಕೆ ಒಂದೇ ಕಪಾಟಿನಲ್ಲಿರಬಲ್ಲದು.

ಯಾವ ಕಪಾಟು ಎಂಬುದನ್ನು ತೀರ್ಮಾನಿಸುವವರು ತಾಂತ್ರಿಕ ವಿಭಾಗದವರು. ಹೊಸ ಪುಸ್ತಕ ಬಂದೊಡನೆ ಅದನ್ನು ಬಿಲ್ಲಿನೊಡನೆ ಹೋಲಿಸಿ, ದಾಖಲಾತಿ ಪುಸ್ತಕದಲ್ಲಿ ಬರೆದು, ಪರಿಗ್ರಹಣ ಸಂಖ್ಯೆಯನ್ನು ಕೊಡುತ್ತಾರೆ. ಈ ಸಂಖ್ಯೆ ಪ್ರತಿಗೆ ಸಂಬಂಧಿಸಿದ್ದು, ಕೃತಿಗಲ್ಲ. ಒಂದೇ ಕಾದಂಬರಿಯ ಐದು ಪ್ರತಿಗಳಿಗೆ ಐದು ಸಂಖ್ಯೆಗಳಿರುತ್ತವೆ. ಆ ಬಳಿಕ ವರ್ಗೀಕರಣ. ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳು ಅನುಸರಿಸುವುದು 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಮಾಂಶ ಪದ್ಧತಿಯನ್ನು. ಅದರಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯಿದೆ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಸಾಹಿತ್ಯಗಳಿಗೆ ಮೂರಂಕಿಯ ಸ್ವತಂತ್ರ ಸ್ಥಾನಗಳಿರುವಾಗ ಸಾವಿರಕ್ಕೂ ಹೆಚ್ಚು ವರ್ಷಗಳ ಕಾವ್ಯ ಪರಂಪರೆಯುಳ್ಳ ಭಾಷೆಯೊಂದು ‘ಇತರ ಭಾಷೆಗಳ’ ತುದಿಯಲ್ಲಿ, ದಶಮಾಂಶದ ಆಚೆ ಮೂರನೆಯ ಅಂಕಿಯಲ್ಲಿ ನೆಲೆಸಬೇಕಾಗಿರುವುದು ಗಮನಾರ್ಹ. ಕಾವ್ಯಕ್ಕೆ 1, ನಾಟಕಕ್ಕೆ 2, ಕಥನ ಸಾಹಿತ್ಯಕ್ಕೆ 3 ಎಂದು ಕೊನೆಗೆ ಸೇರಿಸಿದಾಗ ‘ಕರ್ವಾಲೊ’ 894.8143 ಆಗುತ್ತದೆ.

ತೇಜಸ್ವಿಯವರ ಇತರ ಕೃತಿಗಳ ಪಾಡೇನು? ‘ಕನ್ನಡ ನಾಡಿನ ಹಕ್ಕಿಗಳು’ ಪಕ್ಷಿಶಾಸ್ತ್ರದ 598ಕ್ಕೆ ಹೋಗುತ್ತದೆ. ‘ಸಹಜ ಕೃಷಿ’ 630ರ ಕೃಷಿಗೆ, ‘ಮಿಸ್ಸಿಂಗ್ ಲಿಂಕ್’ ವಿಕಾಸವಾದಕ್ಕೆ ಅಥವಾ ಮಾನವಶಾಸ್ತ್ರಕ್ಕೆ. ‘ಅಣ್ಣನ ನೆನಪು’ ಕೃತಿಯನ್ನು ಒಬ್ಬರು ಜೀವನಚರಿತ್ರೆ ಎಂದರೆ ಇನ್ನೊಬ್ಬರು ಸಾಹಿತ್ಯವೆಂದು ಬಗೆಯುತ್ತಾರೆ, ಎರಡೂ ಸಮರ್ಥನೀಯ. ‘ಪರಿಸರದ ಕತೆ’ಯನ್ನು ಶೀರ್ಷಿಕೆ ಮಾತ್ರ ನೋಡಿ ವಿಜ್ಞಾನಕ್ಕೆ ಸೇರಿಸಿದರೆ, ಸಾಹಿತ್ಯದ ಕಪಾಟಿನ ಮುಂದೆ ನಿಂತ ವಿದ್ಯಾರ್ಥಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಸಾಹಿತ್ಯ ಮತ್ತು ವಿಜ್ಞಾನಗಳ ನಡುವಣ ಗೆರೆಯನ್ನು ಒರೆಸಿದರು ಎಂದು ನಾವು ತರಗತಿಯಲ್ಲಿ ಹೊಗಳುವ ಲೇಖಕರನ್ನು ಗ್ರಂಥಾಲಯವು ಅದೇ ಗೆರೆಯ ಮೇಲೆ ಕತ್ತರಿಸಿ ನಾಲ್ಕಾರು ಕಡೆಗೆ ಹಂಚಿರುತ್ತದೆ. ಇದು ವರ್ಗೀಕರಣಕಾರರ ತಪ್ಪಲ್ಲ. ವಿಷಯಾನುಸಾರ ಜೋಡಿಸುವ ಯಾವ ಪದ್ಧತಿಯೂ ಹೀಗೆಯೇ ಮಾಡಬೇಕಾಗುತ್ತದೆ.

ಇಲ್ಲಿ ಎಸ್.ಆರ್. ರಂಗನಾಥನ್ ಅವರನ್ನು ನೆನೆಯಬೇಕು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಸಾಹಿತ್ಯದ ಮಟ್ಟಿಗೆ ಅದರ ಕ್ರಮ ಅತ್ಯಂತ ಕುತೂಹಲಕರ: ಮೊದಲು ಭಾಷೆ, ಅನಂತರ ಪ್ರಕಾರ, ಅದರ ಬಳಿಕ ಲೇಖಕರು. ಲೇಖಕರನ್ನು ಗುರುತಿಸುವುದು ಹೆಸರಿನ ಅಕ್ಷರದಿಂದಲ್ಲ, ಜನ್ಮವರ್ಷದಿಂದ. ಈ ಪದ್ಧತಿಯಲ್ಲಿ ಕನ್ನಡ ಕಾದಂಬರಿಗಳನ್ನು ಜೋಡಿಸಿದರೆ 1902ರ ಕಾರಂತರ ಪಕ್ಕದಲ್ಲಿ 1904ರ ಕುವೆಂಪು, ಮುಂದೆ 1928ರ ತ್ರಿವೇಣಿ, 1932ರ ಅನಂತಮೂರ್ತಿ, 1938ರ ತೇಜಸ್ವಿ ಸಾಲಾಗಿ ನಿಲ್ಲುತ್ತಾರೆ. ಕಪಾಟೇ ಸಾಹಿತ್ಯ ಚರಿತ್ರೆಯಾಗುತ್ತದೆ. ಇಷ್ಟು ಒಳ್ಳೆಯ ಕ್ರಮ ನಮ್ಮ ಹೆಚ್ಚಿನ ಗ್ರಂಥಾಲಯಗಳಲ್ಲಿ ಏಕೆ ನಿಲ್ಲಲಿಲ್ಲ ಎಂಬುದು ಬೇರೆಯೇ ಲೇಖನಕ್ಕೆ ವಸ್ತು. ಅದರ ಸಂಖ್ಯೆಗಳು ಉದ್ದ, ಕಲಿಕೆ ಕಷ್ಟ ಎಂದಷ್ಟೇ ಇಲ್ಲಿ ಹೇಳಬಹುದು.

ವರ್ಗೀಕರಣದ ನಂತರದ ಹಂತ ಸೂಚೀಕರಣ. ಕನ್ನಡಕ್ಕೆ ನಿಜವಾದ ಸಂಕಷ್ಟ ಒದಗುವುದು ಇಲ್ಲಿ. ಪಾಶ್ಚಾತ್ಯ ಸೂಚೀಕರಣ ನಿಯಮಗಳು ಕುಲನಾಮವನ್ನು ಮುಂದಿಟ್ಟುಕೊಂಡು ರೂಪುಗೊಂಡವು. ನಮ್ಮ ಹೆಸರುಗಳಲ್ಲಿ ಮೊದಲಕ್ಷರವು ಊರನ್ನೋ ತಂದೆಯನ್ನೋ ಸೂಚಿಸುತ್ತದೆ. ‘ಕೆ.ಪಿ.’ ಎಂದರೆ ಕುಪ್ಪಳ್ಳಿ ಮತ್ತು ಪುಟ್ಟಪ್ಪ. ಉಳಿದ ‘ಪೂರ್ಣಚಂದ್ರ ತೇಜಸ್ವಿ’ ಎರಡೂ ಸೇರಿ ಒಂದೇ ಅಂಕಿತನಾಮ. ಗಣಕಕ್ಕೆ ಈ ಸೂಕ್ಷ್ಮ ತಿಳಿಯದು. ಕೊನೆಯ ಪದವನ್ನು ಕುಲನಾಮವೆಂದು ಭಾವಿಸಿ ‘ತೇಜಸ್ವಿ’ಯನ್ನು ಮುಂದಕ್ಕೆ ತರುವುದುಂಟು. ಅದೂ ಕನ್ನಡ ಲಿಪಿಯಲ್ಲಾದರೆ ಹೇಗೋ ನಡೆದೀತು. ರೋಮನ್ ಲಿಪಿಯಲ್ಲಿ ದಾಖಲಿಸಿದಾಗ ‘ಪೂರ್ಣ’ಕ್ಕೆ ಎರಡು ಕಾಗುಣಿತ, ‘ಸ್ವಿ’ಗೆ ಎರಡು ಕಾಗುಣಿತ, ಪದಕ್ರಮ ಎರಡು ಬಗೆ. ಅಂದರೆ ಒಬ್ಬರೇ ಲೇಖಕರು ಎಂಟು ರೂಪಗಳಲ್ಲಿ ಕಾಣಿಸಿಕೊಳ್ಳಬಹುದು. ಅವರ ತಂದೆಯವರ ಕೃತಿಗಳು ‘ಕುವೆಂಪು’ ಎಂದೂ ‘ಪುಟ್ಟಪ್ಪ, ಕೆ.ವಿ.’ ಎಂದೂ ಬೇರೆ ಬೇರೆಯಾಗಿ ನಮೂದಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ಮಾಸ್ತಿ ಮತ್ತು ಶ್ರೀನಿವಾಸ ಎಂದು ಪಟ್ಟಿಯನ್ನು ಬೆಳೆಸಬಹುದು. ಕಾವ್ಯನಾಮಗಳ ಈ ನಾಡಿನಲ್ಲಿ ‘ಇದನ್ನು ಅಲ್ಲಿ ನೋಡಿ’ ಎಂಬ ಅಡ್ಡ ಉಲ್ಲೇಖದ ಕಾರ್ಡು ಅಲಂಕಾರವಲ್ಲ, ಅವಶ್ಯಕತೆ.

ಕಾರ್ಡುಗಳ ಕಾಲದಲ್ಲಿ ಕನ್ನಡ ಪುಸ್ತಕಗಳಿಗೆ ಕನ್ನಡದಲ್ಲಿಯೇ ಬರೆದ ಕಾರ್ಡುಗಳಿದ್ದವು. ಅಕಾರಾದಿಯಲ್ಲಿ ಅನುಸ್ವಾರವನ್ನು ಎಲ್ಲಿಡಬೇಕು, ‘ಪಂಪ’ನನ್ನು ಅನುಸ್ವಾರವೆಂದು ಎಣಿಸುವುದೋ ಮಕಾರವೆಂದು ಎಣಿಸುವುದೋ ಎಂಬ ಜಿಜ್ಞಾಸೆ ಬಿಟ್ಟರೆ ಹೆಚ್ಚಿನ ತೊಂದರೆಯಿರಲಿಲ್ಲ. ಗಣಕೀಕರಣ ಆರಂಭವಾದಾಗ ಈ ಕಾರ್ಡುಗಳಲ್ಲಿದ್ದುದನ್ನು ತರಾತುರಿಯಲ್ಲಿ ರೋಮನ್ ಲಿಪಿಗೆ ಇಳಿಸಿದವರುಂಟು. ಇನ್ನು ಕೆಲವೆಡೆ ನುಡಿ, ಬರಹಗಳಂತಹ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ನಮೂದಿಸಲಾಯಿತು. ಇಂದು ಯೂನಿಕೋಡಿನಲ್ಲಿ ಟೈಪಿಸಿ ಹುಡುಕುವವನಿಗೆ ಅವು ಅಗೋಚರ. ಇನ್‌ಫ್ಲಿಬ್‌ನೆಟ್ ಕೇಂದ್ರವು ಸಿದ್ಧಪಡಿಸಿದ ‘ಸೋಲ್’ ತಂತ್ರಾಂಶದ ಎರಡನೆಯ ಆವೃತ್ತಿ 2009ರಲ್ಲಿ ಬಂದ ಮೇಲೆ, ‘ಕೋಹಾ’ದಂತಹ ಮುಕ್ತ ತಂತ್ರಾಂಶಗಳೂ ಬಳಕೆಗೆ ಬಂದ ಮೇಲೆ ಕನ್ನಡ ಲಿಪಿಯಲ್ಲಿ ದಾಖಲಿಸಲು ತಾಂತ್ರಿಕ ಅಡ್ಡಿಯೇನೂ ಉಳಿದಿಲ್ಲ. ಮಾರ್ಕ್ ಎಂಬ ಅಂತರರಾಷ್ಟ್ರೀಯ ದಾಖಲೆ ಮಾದರಿಯಲ್ಲಿ ಮೂಲಲಿಪಿಗೆಂದೇ 880 ಎಂಬ ಕ್ಷೇತ್ರವಿದೆ. ಆದರೆ ಹಳೆಯ ನಮೂದುಗಳನ್ನು ಒಂದೊಂದಾಗಿ ತಿದ್ದಬೇಕಾದರೆ ಪುಸ್ತಕವನ್ನು ಕೈಯಲ್ಲಿ ಹಿಡಿಯಬಲ್ಲ, ಕನ್ನಡ ಬಲ್ಲ ಮನುಷ್ಯರು ಬೇಕು.

ಆ ಮನುಷ್ಯರ ವಿಷಯಕ್ಕೆ ಬರೋಣ. ಗ್ರಂಥಾಲಯದ ಸೂಚನಾ ಫಲಕದಲ್ಲಿ ಹೊಸ ಪುಸ್ತಕಗಳ ಪಟ್ಟಿಯ ಪಕ್ಕದಲ್ಲಿ ವರ್ಗಾವಣೆ, ಪ್ರಭಾರ, ವಯೋನಿವೃತ್ತಿಗಳ ಸುತ್ತೋಲೆ ಅಂಟಿಸಿರುತ್ತಾರೆ. ಸಂಶೋಧಕರಾದ ನಾವು ಮೊದಲನೆಯದನ್ನು ಓದುತ್ತೇವೆ, ಎರಡನೆಯದನ್ನು ಓದುವುದಿಲ್ಲ. ಗ್ರಂಥಪಾಲಕ, ಉಪಗ್ರಂಥಪಾಲಕ, ಸಹಾಯಕ ಗ್ರಂಥಪಾಲಕ ಎಂಬ ಮೇಲಿನ ಶ್ರೇಣಿಯ ಕೆಳಗೆ ಗ್ರಂಥಾಲಯ ಸಹಾಯಕರು ಮತ್ತು ಅಟೆಂಡರುಗಳಿರುತ್ತಾರೆ. ಬೆಳಗ್ಗೆ ಬಾಗಿಲು ತೆರೆದೊಡನೆ ಹಿಂದಿನ ದಿನ ಮೇಜುಗಳ ಮೇಲೆ ಬಿಟ್ಟುಹೋದ ಮತ್ತು ಎರವಲಿನಿಂದ ಹಿಂದಿರುಗಿದ ಪುಸ್ತಕಗಳನ್ನು ಸ್ವಸ್ಥಾನಕ್ಕೆ ಸೇರಿಸುವವರು ಇವರೇ. ಒಂದು ಲಕ್ಷ ಪುಸ್ತಕಗಳ ನಡುವೆ ಒಂದನ್ನು ತಪ್ಪು ಕಪಾಟಿನಲ್ಲಿಟ್ಟರೆ, ಮತ್ತೊಮ್ಮೆ ಆಕಸ್ಮಿಕವಾಗಿ ಸಿಗುವವರೆಗೆ ಅದು ಕಳೆದುಹೋದಂತೆಯೇ. ಬೆನ್ನಿನ ಚೀಟಿ ಹರಿದಿದ್ದನ್ನು ನೋಡಿ ಹೊಸದನ್ನು ಅಂಟಿಸುವುದು, ಹುಳು ಹಿಡಿದದ್ದನ್ನು ಬೇರ್ಪಡಿಸುವುದು, ಬೈಂಡಿಂಗಿಗೆ ಕಳಿಸಬೇಕಾದ್ದನ್ನು ಪಟ್ಟಿ ಮಾಡುವುದು ಇವೂ ದಿನದ ಕೆಲಸಗಳೇ. ಇವಾವುವೂ ವಾರ್ಷಿಕ ವರದಿಯಲ್ಲಿ ಕಾಣುವುದಿಲ್ಲ.

ನನ್ನದೇ ಒಂದು ಅನುಭವವನ್ನು ಹೇಳಬೇಕು. ಮಲೆನಾಡಿನ ಕಾಫಿ ತೋಟಗಳ ಬದುಕು ಕನ್ನಡ ಕಥನದಲ್ಲಿ ಮೂಡಿರುವ ಬಗೆಯನ್ನು ಅಧ್ಯಯನ ಮಾಡಲು ತೊಡಗಿದ್ದ ದಿನಗಳಲ್ಲಿ ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಗಣಕದಲ್ಲಿ ಹುಡುಕಿ ಸಿಕ್ಕಷ್ಟನ್ನು ಓದಿ ಮುಗಿಸಿದ್ದೆ. ಒಂದು ಮಧ್ಯಾಹ್ನ ಅಲ್ಲಿನ ಹಿರಿಯ ಅಟೆಂಡರೊಬ್ಬರು, “ನೀವು ಮೂಡಿಗೆರೆ ಕಡೆಯವರಲ್ವಾ ಸಾರ್? ಇದನ್ನೊಂದು ನೋಡಿ” ಎಂದು ಬೆನ್ನು ಕಿತ್ತುಹೋದ ಸಂಪುಟವೊಂದನ್ನು ತಂದಿಟ್ಟರು. ಅದು ಆರು ಕಿರುಹೊತ್ತಗೆಗಳನ್ನು ಒಟ್ಟಿಗೆ ಹೊಲಿದು ಕಟ್ಟಿದ ಸಂಪುಟ. ದಾಖಲಾತಿಯಲ್ಲಿ ಮೊದಲನೆಯದರ ಹೆಸರು ಮಾತ್ರ ಇತ್ತು. ಅದೊಂದು ಸ್ತೋತ್ರ ಸಂಗ್ರಹ. ನಾಲ್ಕನೆಯದು ತೋಟದ ಆಳುಗಳ ಬದುಕನ್ನು ಕುರಿತ ಸಣ್ಣ ನಾಟಕ. ನನ್ನ ಪ್ರಬಂಧದ ಒಂದು ಅಧ್ಯಾಯವೇ ಅದರಿಂದ ಬದಲಾಯಿತು. ಯಾವ ಹುಡುಕಾಟದ ಪದದಿಂದಲೂ ನಾನು ಅದನ್ನು ತಲುಪುತ್ತಿರಲಿಲ್ಲ.

ಮುಂದಿನ ವರ್ಷ ಅವರು ತಿಂಗಳ ಕೊನೆಯ ದಿನ ನಿವೃತ್ತರಾದರು. ಹಾರ, ಶಾಲು, ಒಂದು ಗಡಿಯಾರ. ಅವರ ಜಾಗಕ್ಕೆ ಹೊರಗುತ್ತಿಗೆಯ ಮೇಲೆ ಬಂದ ಯುವಕ ಶ್ರದ್ಧಾವಂತನೇ. ಆದರೆ ಆತನಿಗೆ ಕಪಾಟಿನ ಪರಿಚಯವಾಗುವಷ್ಟರಲ್ಲಿ ಗುತ್ತಿಗೆ ಮುಗಿದು ಇನ್ನೊಬ್ಬ ಬಂದಿದ್ದ. ಗೆಳೆಯನೊಬ್ಬನಿಗಾಗಿ ಆ ಸಂಪುಟವನ್ನು ಕೇಳಿದಾಗ ಅದು ಸ್ಥಳದಲ್ಲಿರಲಿಲ್ಲ. ಎರಡು ವಾರ ಹುಡುಕಿದ ಮೇಲೆ ಸಿಕ್ಕಿತು. ಬೆನ್ನಿಲ್ಲ, ಚೀಟಿಯಿಲ್ಲ, ಹಲವು ವರ್ಷಗಳಿಂದ ಎರವಲು ಹೋದ ಗುರುತಿಲ್ಲ ಎಂಬ ಕಾರಣಕ್ಕೆ ವಿಲೇವಾರಿಗೆಂದು ತೆಗೆದಿಟ್ಟ ರಾಶಿಯಲ್ಲಿತ್ತು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ನಿಯಮದ ಪ್ರಕಾರವೇ ಎಲ್ಲವೂ ನಡೆದಿತ್ತು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ಪರಿಷ್ಕೃತವಾದವು. ಅವುಗಳ 215ನೆಯ ನಿಯಮವು ಗ್ರಂಥಾಲಯಗಳ ದಾಸ್ತಾನು ಪರಿಶೀಲನೆಯನ್ನು ವಿವರಿಸುತ್ತದೆ. 20,000 ಸಂಪುಟಗಳವರೆಗೆ ಇದ್ದರೆ ವರ್ಷಕ್ಕೊಮ್ಮೆ ಪೂರ್ಣ ಪರಿಶೀಲನೆ. 50,000ದವರೆಗೆ ಮೂರು ವರ್ಷಗಳಿಗೊಮ್ಮೆ. ಅದಕ್ಕೂ ಮೀರಿದರೆ ಮಾದರಿ ಪರಿಶೀಲನೆ ಸಾಕು. ಎರವಲು ಹೋದ ಅಥವಾ ಓದಿಗೆ ತೆಗೆದ ಪ್ರತಿ 1000 ಸಂಪುಟಗಳಿಗೆ ವರ್ಷಕ್ಕೆ 5 ಕಳೆದುಹೋದರೂ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. 1000 ರೂಪಾಯಿಗೆ ಮೀರಿದ ಬೆಲೆಯವು ಮತ್ತು ಅಪೂರ್ವ ಗ್ರಂಥಗಳು ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇದು ಉದಾರವಾದ, ವಿವೇಕದ ನಿಯಮ. ಕಳೆದ ಪುಸ್ತಕದ ಹಣವನ್ನು ನೌಕರನ ಸಂಬಳದಿಂದ ಮುರಿದುಕೊಳ್ಳುವ ಭಯವಿದ್ದಲ್ಲಿ ಪುಸ್ತಕಗಳು ಬೀಗದೊಳಗೆ ಸೇರಿಬಿಡುತ್ತವೆ. ಆದರೆ ಹಳೆಯ ಕನ್ನಡ ಕಿರುಹೊತ್ತಗೆಯೊಂದರ ಮುದ್ರಿತ ಬೆಲೆ ಎಂಟಾಣೆ. ಬೆಲೆಯ ಲೆಕ್ಕದಲ್ಲಿ ಅದು ಎಂದೂ ವಿಚಾರಣೆಗೆ ಬರಲಾರದು. ಅಪೂರ್ವವೆಂದು ಬರಬೇಕಾದರೆ, ಅಪೂರ್ವವೆಂದು ಯಾರಾದರೂ ಮೊದಲು ಬರೆದಿಟ್ಟಿರಬೇಕು. ಬರೆದಿಡಬೇಕಾದ ವಿದ್ವಾಂಸರಾದ ನಾವು ಪುಸ್ತಕವನ್ನು ಓದಿ, ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿ, ಹಿಂದಿರುಗಿಸಿ ಬಂದುಬಿಡುತ್ತೇವೆ. ಅದರ ಅಪೂರ್ವತೆ ಗೊತ್ತಿದ್ದ ಇನ್ನೊಬ್ಬರು ಶಾಲು ಹೊದ್ದು ಮನೆಗೆ ಹೋಗಿರುತ್ತಾರೆ.

ಇಂತಹ ತಿಳಿವಳಿಕೆಯನ್ನು ದಾಖಲೆಗೆ ತರುವ ದಾರಿಗಳು ಈಗಿರುವ ವ್ಯವಸ್ಥೆಯೊಳಗೇ ಇವೆ. ಮಾರ್ಕ್ ಮಾದರಿಯ 501ನೆಯ ಕ್ಷೇತ್ರವು ಒಟ್ಟಿಗೆ ಕಟ್ಟಿದ ಕೃತಿಗಳನ್ನು ನಮೂದಿಸಲೆಂದೇ ಇದೆ. ಶೀರ್ಷಿಕೆಯ ಪಾಠಾಂತರಗಳಿಗೆ 246 ಇದೆ. ‘ಕರ್ವಾಲೊ’ವನ್ನು ದೀರ್ಘಾಂತವಾಗಿ ಹುಡುಕುವವನಿಗೂ ಪೋರ್ಚುಗೀಸ್ ಕಾಗುಣಿತದಲ್ಲಿ ಹುಡುಕುವವನಿಗೂ ಅಲ್ಲಿಂದ ದಾರಿ ಸಿಗುತ್ತದೆ. ಕಾವ್ಯನಾಮಗಳಿಗೆ ಅಧಿಕೃತ ನಾಮಪಟ್ಟಿಯಿದೆ. ಇವುಗಳನ್ನು ತುಂಬಬೇಕಾದ ಗ್ರಂಥಾಲಯ ಸಹಾಯಕರಿಂದ ಕನ್ನಡ ಸಾಹಿತ್ಯ ಚರಿತ್ರೆಯ ಆಳವಾದ ಪರಿಚಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅದು ಕನ್ನಡ ವಿಭಾಗದ ಕೆಲಸ. ಪೂರ್ವಸಿದ್ಧತಾ ಕೋರ್ಸಿನ ಭಾಗವಾಗಿ ಪ್ರತಿಯೊಬ್ಬ ಸಂಶೋಧನಾರ್ಥಿಯೂ ಒಂದು ಕಪಾಟನ್ನು ವಹಿಸಿಕೊಂಡು, ಅದರ ನಮೂದುಗಳನ್ನು ಪುಸ್ತಕದೊಡನೆ ಹೋಲಿಸಿ ತಿದ್ದುಪಡಿಯ ಪಟ್ಟಿಯನ್ನು ಸಿದ್ಧಪಡಿಸಿದರೆ ಆಕರಶೋಧದ ತರಬೇತಿಯೂ ಆಗುತ್ತದೆ. ನಿವೃತ್ತಿಗೆ ಆರು ತಿಂಗಳಿರುವ ಸಿಬ್ಬಂದಿಯ ಜೊತೆ ಒಬ್ಬ ಸಂಶೋಧನಾರ್ಥಿ ವಾರಕ್ಕೊಂದು ಮಧ್ಯಾಹ್ನ ಕಪಾಟುಗಳ ನಡುವೆ ಓಡಾಡಿ ಟಿಪ್ಪಣಿ ಮಾಡಿಕೊಳ್ಳುವುದಕ್ಕೆ ಯಾವ ಅನುದಾನವೂ ಬೇಡ. ಜಾನಪದ ಕ್ಷೇತ್ರಕಾರ್ಯಕ್ಕೆ ವಕ್ತೃಗಳನ್ನು ಹುಡುಕಿಕೊಂಡು ಕಳಸದ ಕಾಡಿನ ತನಕ ಹೋಗುವ ನಮಗೆ, ಎರವಲು ಕೌಂಟರಿನ ಹಿಂದೆ ಕುಳಿತಿರುವ ವಕ್ತೃ ಕಾಣದಿರುವುದು ವಿಚಿತ್ರ.

ನಾನು ಮೇಲೆ ಹೇಳಿದ ಸಂಪುಟದ ಆರೂ ಕಿರುಹೊತ್ತಗೆಗಳ ಶೀರ್ಷಿಕೆ, ಕರ್ತೃ, ಮುದ್ರಣಾಲಯ ಮತ್ತು ಪುಟಸಂಖ್ಯೆಗಳನ್ನು ಬರೆದು ತಾಂತ್ರಿಕ ವಿಭಾಗಕ್ಕೆ ಕೊಟ್ಟೆ. ಅಲ್ಲಿನವರು ಸಂತೋಷದಿಂದಲೇ ತೆಗೆದುಕೊಂಡರು. ನಾಲ್ಕು ದಿನಗಳಲ್ಲಿ ಐದು ಹೊಸ ನಮೂದುಗಳು ಗಣಕದಲ್ಲಿ ಕಾಣಿಸಿಕೊಂಡವು, ಕನ್ನಡ ಲಿಪಿಯಲ್ಲಿ. ಸಂಪುಟವನ್ನು ಬೈಂಡಿಂಗಿಗೆ ಕಳಿಸಿದ್ದಾರೆ. ನಿವೃತ್ತರಾದ ಹಿರಿಯರಿಗೆ ಫೋನ್ ಮಾಡಿ ತಿಳಿಸಿದಾಗ ಅವರು, ಅದೇ ಸಾಲಿನಲ್ಲಿ ಕೆಳಗಿನ ಅಂಕಣದಲ್ಲಿ ಅಂತಹವು ಇನ್ನೂ ಮೂರಿವೆ, ಹಸಿರು ಕ್ಯಾಲಿಕೋ ಹೊದಿಕೆಯವು, ಎಂದರು.