ತೊಳೆಯುವ ಮೊದಲು ಅಳೆಯಬೇಕು

ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರ್. ನೂರು ಸಿಸಿ ಆಸುಪಾಸಿನ ಬೈಕೊಂದು ಈ ದಾರಿಯನ್ನು ನಲವತ್ತು ನಿಮಿಷದಲ್ಲಿ ಮುಗಿಸಿತು ಎನ್ನೋಣ. ಎಂಜಿನ್ ನಿಮಿಷಕ್ಕೆ ಸರಾಸರಿ 5,000 ಸುತ್ತು ತಿರುಗಿದ್ದರೆ, ಎರಡು ಸುತ್ತಿಗೊಮ್ಮೆಯಂತೆ ಅದಕ್ಕೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಒಂದು ಲಕ್ಷ ಸಲ ತೆರೆದು ಮುಚ್ಚಿರುತ್ತದೆ. ಖರ್ಚಾದ ಪೆಟ್ರೋಲು ಹೆಚ್ಚುಕಡಿಮೆ ಅರ್ಧ ಲೀಟರ್. ಒಂದು ಸಲಕ್ಕೆ ಚಿಮ್ಮಿದ್ದು ಮಿಲಿಲೀಟರಿನ ಇನ್ನೂರನೇ ಒಂದು ಪಾಲು ಮಾತ್ರ, ನಲ್ಲಿಯಿಂದ ತೊಟ್ಟಿಕ್ಕುವ ಹನಿಯ ಹತ್ತರಲ್ಲೊಂದು ಭಾಗ. ಇಷ್ಟು ಸಣ್ಣ ಲೆಕ್ಕದಲ್ಲಿ ಬದುಕುವ ಬಿಡಿಭಾಗವನ್ನು ಕಣ್ಣಳತೆಯಲ್ಲಿ ರಿಪೇರಿ ಮಾಡಲಾಗದು. ಗ್ಯಾರೇಜಿನ ಫಲಕದ ಮೇಲೆ ‘ಇಂಜೆಕ್ಟರ್ ಕ್ಲೀನಿಂಗ್’ ಎಂದು ಬರೆದಿದ್ದರೂ ಆ ಕೆಲಸದ ಮುಕ್ಕಾಲು ಪಾಲು ಅಳತೆಯದು. ಅಳೆಯದೆ ತೊಳೆದವನಿಗೆ ತಾನೇನು ಮಾಡಿದೆ ಎಂಬುದು ತಿಳಿಯುವುದಿಲ್ಲ, ಹಣ ಕೊಟ್ಟವನಿಗಂತೂ ತಿಳಿಯುವುದೇ ಇಲ್ಲ.

ಈ ಕಸುಬಿಗೆ ನಮ್ಮಲ್ಲಿ ಹೆಚ್ಚು ವಯಸ್ಸಾಗಿಲ್ಲ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಕಾಲದಿಂದ ಮಿಸ್ತ್ರಿಯ ಜಾಣ್ಮೆ ಇದ್ದದ್ದು ಕಾರ್ಬೊರೇಟರಿನಲ್ಲಿ. ಜೆಟ್ ಬಿಚ್ಚಿ, ಬಾಯಲ್ಲಿ ಊದಿ, ಏರ್ ಸ್ಕ್ರೂ ತಿರುಗಿಸುತ್ತ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರೆ ಗಾಡಿ ದಾರಿಗೆ ಬರುತ್ತಿತ್ತು. 2006ರಲ್ಲಿ ಫ್ಯೂಯಲ್ ಇಂಜೆಕ್ಷನ್ (ಎಫ್‌ಐ) ಇದ್ದ ಹೀರೊ ಹೋಂಡಾ ಗ್ಲಾಮರ್ ಎಫ್‌ಐ, ಮರುವರ್ಷ ಬಜಾಜ್ ಪಲ್ಸರ್ 220 ಬಂದರೂ ಎಫ್‌ಐ ಎಂಬುದು ಬಹುಕಾಲ ಕೆಲವರ ಗಾಡಿಯ ಮಾತಾಗಿಯೇ ಉಳಿಯಿತು. 2020ರ ಏಪ್ರಿಲ್ 1ರಂದು ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದಾಗ ಸಂತೆಗೆ ಹೋಗುವ ಗಾಡಿಯಲ್ಲೂ ಇಂಜೆಕ್ಟರ್ ಬಂದು ಕೂತಿತು. ಮಿಸ್ತ್ರಿಯ ಕಿವಿ ಒಮ್ಮೆಲೇ ಅರ್ಧ ಕೆಲಸ ಕಳೆದುಕೊಂಡಿತು.

ಹೆಬ್ಬೆರಳಿನಷ್ಟು ಗಾತ್ರದ ಇಂಜೆಕ್ಟರ್ ಒಳಗೆ ಒಂದು ಕಾಯಿಲ್, ಒಂದು ಸ್ಪ್ರಿಂಗ್, ಒಂದು ಸೂಜಿ, ತುದಿಯಲ್ಲಿ ಕೂದಲೆಳೆಯಂಥ ತೂತುಗಳ ತಟ್ಟೆ, ಮೇಲ್ಬದಿಗೆ ಸಣ್ಣ ಜಾಲರಿ ಇರುತ್ತವೆ. ಟ್ಯಾಂಕಿನೊಳಗಿನ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ತಂದು ನಿಲ್ಲಿಸುತ್ತದೆ. ಎಂಜಿನ್ನಿನ ಕಂಪ್ಯೂಟರಾದ ಇಸಿಯು ಕರೆಂಟು ಕೊಟ್ಟ ಕೆಲವೇ ಮಿಲಿಸೆಕೆಂಡು ಸೂಜಿ ಮೇಲೇಳುತ್ತದೆ. ಕೊಳೆ ಕೂರುವುದು ಹೆಚ್ಚಾಗಿ ಗಾಡಿ ಓಡುವಾಗಲ್ಲ, ನಿಂತ ಮೇಲೆ. ಎಂಜಿನ್ ಆರಿಸಿದಾಗ ತುದಿಯಲ್ಲಿ ಉಳಿದ ಪೆಟ್ರೋಲು ಎಂಜಿನ್ನಿನ ಕಾವಿಗೆ ಆವಿಯಾಗಿ, ಅದರಲ್ಲಿನ ಭಾರದ ಅಂಶ ಅಂಟಿನಂತೆ ಗಟ್ಟಿಯಾಗುತ್ತದೆ. ಹೊಲಕ್ಕೆ, ಡೇರಿಗೆ, ಅಂಗಡಿಗೆ ಎಂದು ದಿನಕ್ಕೆ ಹತ್ತು ಸಲ ಸ್ವಲ್ಪ ಓಡಿ ನಿಲ್ಲುವ ಗಾಡಿಗೆ ಈ ಅಂಟು ಬೇಗ ಕೂರುತ್ತದೆ. ಬಿಎಸ್-6 ಪೆಟ್ರೋಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿರುವಾಗ ಕೊಳೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಗಂಧಕ ಇಳಿದದ್ದು ನಿಜ. ಆದರೆ ಅಂಟಿನ ಮೂಲ ಗಂಧಕವೊಂದೇ ಅಲ್ಲ, ಟ್ಯಾಂಕಿನ ತುಕ್ಕಿಗೂ ಕ್ಯಾನಿನ ಧೂಳಿಗೂ ಬಿಎಸ್-6 ಗೊತ್ತಿಲ್ಲ.

ಈ ಕಸುಬಿನ ಜೀವ ಇರುವುದು ಟೆಸ್ಟ್ ಬೆಂಚಿನಲ್ಲಿ. ಸಾಲಾಗಿ ನಿಲ್ಲಿಸಿದ, ಗೆರೆ ಹಾಕಿದ ಗಾಜಿನ ಕೊಳವೆಗಳು, ಅವುಗಳ ಮೇಲೆ ಇಂಜೆಕ್ಟರ್ ಸಿಕ್ಕಿಸುವ ಹಳಿ, ಪಕ್ಕದಲ್ಲೊಂದು ಅಲ್ಟ್ರಾಸೋನಿಕ್ ತೊಟ್ಟಿ. ಗಾಡಿಯ ಪೆಟ್ರೋಲ್ ಒತ್ತಡ ಇಳಿಸಿ, ಇಂಜೆಕ್ಟರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ಕಾಯಿಲ್ ನೋಡಬೇಕು. ಸಾಮಾನ್ಯವಾಗಿ 12 ಓಮ್ ಆಸುಪಾಸು ಇರಬೇಕಾದ ಕಡೆ ಮುಳ್ಳು ಎಲ್ಲೋ ನಿಂತರೆ ತೊಳೆಯುವ ಮಾತೇ ಇಲ್ಲ. ಆಮೇಲೆ ಬೆಂಚಿಗೇರಿಸಿ, ಸೂಜಿ ಮುಚ್ಚಿದ್ದಾಗ ಒತ್ತಡ ಕೊಟ್ಟು ತುದಿಯಲ್ಲಿ ಹನಿ ಕಟ್ಟುತ್ತದೆಯೇ ನೋಡಬೇಕು. ಬೆಳಿಗ್ಗೆ ಸೆಲ್ಫ್ ಹಿಡಿಯದ ಎಷ್ಟೋ ಗಾಡಿಗಳ ಕಾಯಿಲೆ ಈ ಒಂದು ಹನಿಯಲ್ಲಿರುತ್ತದೆ. ಮುಂದೆ ಇಂಜೆಕ್ಟರನ್ನು ಮಿಡಿಯಲು ಬಿಟ್ಟರೆ ಒಳ್ಳೆಯ ಇಂಜೆಕ್ಟರ್ ಮಂಜಿನಂತೆ ಹರಡುತ್ತದೆ, ಕೊಳೆ ಕೂತದ್ದು ಒಂದು ಕಡೆಗೆ ವಾಲಿದ ಗೆರೆಯಾಗಿ ಬೀಳುತ್ತದೆ. ಕೊನೆಗೆ ನಿಗದಿತ ಹೊತ್ತು ಪೂರ್ತಿ ತೆರೆದಿಟ್ಟು ಕೊಳವೆಯಲ್ಲಿ ಎಷ್ಟು ತುಂಬಿತೆಂದು ಓದಬೇಕು. ಇಷ್ಟಾದ ಮೇಲೆಯೇ ತೊಟ್ಟಿ. ಅಲ್ಲಿ ಕಿವಿಗೆ ಕೇಳದ ಕಂಪನದಿಂದ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತ ಅಂಟನ್ನು ಬಿಡಿಸುತ್ತವೆ. ಆಗಲೂ ಸೂಜಿ ಮಿಡಿಯುತ್ತಿರಬೇಕು, ಇಲ್ಲದಿದ್ದರೆ ಒಳಗಿನ ಕೊಳೆ ಒಳಗೇ ಉಳಿಯುತ್ತದೆ. ಹೊರತೆಗೆದು, ಜಾಲರಿಯ ಕಸ ಹೋಗುವಂತೆ ಉಲ್ಟಾ ದಿಕ್ಕಿನಿಂದ ತೊಳೆದು, ಓ-ರಿಂಗ್ ಹೊಸದು ಹಾಕಿ, ಮತ್ತೆ ಅದೇ ಕೊಳವೆ, ಅದೇ ಒತ್ತಡ, ಅದೇ ಹೊತ್ತು. ಮೊದಲಿನ ಓದು 44, ಈಗಿನದು 50 ಎಂದು ಎರಡು ಅಂಕಿ ಪಕ್ಕಪಕ್ಕ ಬಂದಾಗ ಮಾತ್ರ ಅದು ಸರ್ವೀಸ್. ಬ್ಯಾಟರಿಯಿಂದ ನೇರ ವಯರ್ ಹಿಡಿದು ಸ್ಪ್ರೇ ಹೊಡೆಯುವ ಅಡ್ಡದಾರಿಯಲ್ಲಿ ಕಾಯಿಲ್ ಸುಡುವ ಭಯವಿದೆ. ತೂತಿಗೆ ಪಿನ್ನು ಹಾಕಿದರೆ ಆ ಇಂಜೆಕ್ಟರಿನ ಕತೆ ಮುಗಿದಂತೆ.

ಬೈಕಿನ ಇಂಜೆಕ್ಟರಿಗೆ ಕಾರಿನದಕ್ಕಿಲ್ಲದ ಒಂದು ತೊಡಕಿದೆ. ಕಾರಿನಿಂದ ನಾಲ್ಕು ಇಂಜೆಕ್ಟರ್ ಬಿಚ್ಚಿ ನಾಲ್ಕು ಕೊಳವೆ ತುಂಬಿಸಿದರೆ ಯಾವುದು ಹಿಂದೆ ಬಿದ್ದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಮ್ಮ ಬಹುತೇಕ ಬೈಕುಗಳಿಗಿರುವುದು ಒಂದೇ ಸಿಲಿಂಡರ್, ಒಂದೇ ಇಂಜೆಕ್ಟರ್. ಅದನ್ನು ಯಾವುದಕ್ಕೆ ಹೋಲಿಸಬೇಕು? ಅದೇ ಮಾದರಿಯ ಹೊಸ ಇಂಜೆಕ್ಟರ್ ಅದೇ ಬೆಂಚಿನಲ್ಲಿ ಎಷ್ಟು ಕೊಟ್ಟಿತ್ತು ಎಂಬ ಅಂಕಿಗೆ. ಆ ಅಂಕಿ ಎಲ್ಲೋ ಬರೆದಿಟ್ಟಿರಬೇಕು. ಹಾಗಾಗಿ ಬೈಕಿನ ಕೆಲಸ ಮಾಡುವ ಗ್ಯಾರೇಜಿಗೆ ತೊಟ್ಟಿಗಿಂತ ಮೊದಲು ಬೇಕಾದದ್ದು ಒಂದು ರಿಜಿಸ್ಟರು: ಮಾದರಿ, ಓಡಿದ ಕಿಲೋಮೀಟರ್, ತೊಳೆಯುವ ಮೊದಲು, ತೊಳೆದ ಮೇಲೆ.

ರಿಜಿಸ್ಟರಿನ ಬೆಲೆ ಈಗ ಇನ್ನೂ ಹೆಚ್ಚಿದೆ. ಗ್ಯಾರೇಜಿಗೆ ಬರುವವರ ದೂರು ಹೆಚ್ಚಾಗಿ ‘ಮೈಲೇಜ್ ಕೊಡವಲ್ದರಿ’ ಎಂಬುದೇ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥೆನಾಲ್. ಎಥೆನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡರಷ್ಟು. ಹತ್ತರಲ್ಲೊಂದು ಪಾಲು ಎಥೆನಾಲಿನ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇ 3ರಿಂದ 4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆ ಇಳಿಕೆಯನ್ನು ಯಾವ ತೊಟ್ಟಿಯೂ ತೊಳೆಯಲಾರದು. ಬ್ರೇಕ್ ಹಿಡಿದುಕೊಂಡಿದ್ದರೆ, ಏರ್ ಫಿಲ್ಟರ್ ತುಂಬಿದ್ದರೆ, ವಾಲ್ವ್ ಬಿಗಿಯಾಗಿದ್ದರೆ ಕೂಡ ದೂರು ಇದೇ. ಮೊದಲ ಓದಿನಲ್ಲೇ ಕೊಳವೆ ಸರಿಯಾಗಿ ತುಂಬಿದರೆ ‘ನಿಮ್ಮ ಇಂಜೆಕ್ಟರ್ ಚಲೋ ಅದ, ತೊಳಿಯೋದು ಬ್ಯಾಡ’ ಎಂದು ವಾಪಸ್ ಕೊಡುವ ಮಿಸ್ತ್ರಿಯನ್ನೇ ನಾನು ಈ ಕಸುಬಿನ ನಿಜವಾದ ಕುಶಲಕರ್ಮಿ ಎಂದು ಕರೆಯುವೆ.

ಖಾನಾಪುರ ತಾಲ್ಲೂಕಿಗೆ ಈ ಕೆಲಸ ನಗರಕ್ಕಿಂತ ಹೆಚ್ಚು ಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡದ ಕಾಡಂಚಿನ ಊರುಗಳಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ತೇವ. ಎಥೆನಾಲ್ ನೀರನ್ನು ಎಳೆದುಕೊಳ್ಳುವ ಸ್ವಭಾವದ್ದು, ಮಿತಿ ಮೀರಿದರೆ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಪಂಪು ಮೊದಲು ಹೀರುವುದು ತಳದ್ದನ್ನೇ. ಬಂಕು ದೂರವಿದ್ದಲ್ಲಿ ಬಾಟಲಿಯ ಪೆಟ್ರೋಲೂ ಅನಿವಾರ್ಯ. ಟ್ಯಾಂಕಿಗೆ ಒಂದು ಡಬ್ಬಿ ಕ್ಲೀನರ್ ಸುರಿದರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಳ್ಳೆಯ ಕ್ಲೀನರ್ ಎಳೆಯ ಅಂಟನ್ನು ಕರಗಿಸೀತು. ಜಾಲರಿಯಲ್ಲಿ ಸಿಕ್ಕ ತುಕ್ಕನ್ನು, ತಳದ ನೀರನ್ನು ಅದು ಏನೂ ಮಾಡದು. ಹೊಸ ಇಂಜೆಕ್ಟರ್ ಹಾಕಿಬಿಡಿ ಎನ್ನುವವರಿಗೂ ಇದೇ ಉತ್ತರ: ಟ್ಯಾಂಕು ಹಾಗೇ ಇದ್ದರೆ ಹೊಸದೂ ಅದೇ ಗತಿ ಕಾಣುತ್ತದೆ.

ತಾಲ್ಲೂಕಿನ ಸಣ್ಣ ಗ್ಯಾರೇಜು ಬೆಂಚಿಗೆ ಬಂಡವಾಳ ಎಲ್ಲಿಂದ ತರಬೇಕು ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ತರಬೇಕಾಗಿಲ್ಲ. ಸಿಲಿಂಡರ್ ಬೋರಿಂಗಿಗೆ ಪ್ರತಿ ಹಳ್ಳಿಯ ಗ್ಯಾರೇಜಿನಲ್ಲೂ ಯಂತ್ರ ಎಂದೂ ಇರಲಿಲ್ಲ. ಬಿಚ್ಚಿದ್ದನ್ನು ಪೇಟೆಯ ಲೇತಿಗೆ ಕಳಿಸಿ ತರಿಸಿಕೊಳ್ಳುವ ರೂಢಿ ಹಳೆಯದು. ಕಿಸೆಯಲ್ಲಿ ಹಿಡಿಯುವ ಇಂಜೆಕ್ಟರ್ ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರಬಹುದು. ಹೋಗುವ ಊರಾದರೂ ಎಂಥದು! ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಹೈಡ್ರಾಲಿಕ್ಸ್‌ಗೆ ಹೆಸರಾದದ್ದು. ಪಾಲಿಹೈಡ್ರಾನ್‌ನಂಥ ಕಂಪನಿಗಳು ಪಂಪು, ವಾಲ್ವ್ ತಯಾರಿಸುವ ಈ ಊರಿನ ಕೆಲಸಗಾರರಿಗೆ ಮೈಕ್ರಾನ್ ಲೆಕ್ಕದ ಸಂದು, ಎಣ್ಣೆಯ ಕೊಳೆಗೆ ಕಚ್ಚಿಕೊಳ್ಳುವ ಸ್ಪೂಲು, ಒತ್ತಡದ ಪರೀಕ್ಷೆ ಎಲ್ಲವೂ ದಿನದ ಮಾತು. ಇಂಜೆಕ್ಟರ್ ಅದೇ ಬಳಗದ ಕಿರಿಯ ಕೂಸು. ಕಾರ್ಖಾನೆಯೊಳಗಿನ ಆ ಶಿಸ್ತು ರಸ್ತೆಬದಿಯ ಗ್ಯಾರೇಜಿಗೆ ದಾಟಲು ಅಂಥ ದೂರವೇನಿಲ್ಲ, ದಾಟಿಸುವ ತರಬೇತಿ ಬೇಕು.

2020ರ ಗಾಡಿಗಳು ಈಗ ವಾರಂಟಿ ಮುಗಿಸಿ ಕಂಪನಿಯ ಸರ್ವೀಸಿನಿಂದ ಊರ ಗ್ಯಾರೇಜಿಗೆ ಬರುತ್ತಿವೆ. ಅದೇ ಹೊತ್ತಿಗೆ ಕಾರ್ಬೊರೇಟರಿನ ಹಿರಿಯರು ಸ್ಪ್ಯಾನರ್ ಕೆಳಗಿಡುತ್ತಿದ್ದಾರೆ. ನಂದಗಡದ ಮಣ್ಣುದಾರಿಗೆ ಎಷ್ಟು ಸುತ್ತು ಏರ್ ಸ್ಕ್ರೂ, ಲೋಂಡಾದ ಮಳೆಗೆ ಎಷ್ಟು ಎಂಬುದನ್ನು ಅವರು ಎಲ್ಲೂ ಬರೆದಿಡಲಿಲ್ಲ. ಬರೆಯಲು ಅವರನ್ನು ಯಾರೂ ಕೇಳಿರಲೂ ಇಲ್ಲ.