ನಿಲ್ಲಿಸಿದಲ್ಲಿಂದ ಮುಂದೆ ಹೇಳುವ ಪೆಟ್ಟಿಗೆ ಬೇಕು

ಗಡಿ ಮನೆಗಳಲ್ಲಿ ಅಜ್ಜಿಗೂ ಮೊಮ್ಮಕ್ಕಳಿಗೂ ಕನ್ನಡ ಕತೆ ಕೇಳಿಸುವುದು ಹೇಗೆ? ಯಂತ್ರ ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

ಅಕ್ಕಲಕೋಟ: ಮನೆಯಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಅಕ್ಷರ ಮರಾಠಿ. ತಾಲ್ಲೂಕಿನ ದುಧನಿ, ಮೈಂದರ್ಗಿ, ನಾಗಣಸೂರ ಭಾಗದ ಬಹಳಷ್ಟು ಮನೆಗಳ ಕತೆ ಇದೇ. ಕನ್ನಡ ಶಾಲೆಗಳು ಇವೆ, ಇಲ್ಲವೆಂದಲ್ಲ. ಆದರೆ ಮುಂದೆ ನೌಕರಿ, ಕಾಲೇಜು ಎಂದು ಮಕ್ಕಳನ್ನು ಮರಾಠಿ ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವವರೇ ಹೆಚ್ಚು. ಹೀಗಾಗಿ ಮನೆಯಲ್ಲಿ ಕನ್ನಡ ಪುಸ್ತಕ ಇದ್ದರೂ ಅದನ್ನು ಓದಿ ಹೇಳುವವರು ಒಬ್ಬರೋ ಇಬ್ಬರೋ ಉಳಿದಿರುತ್ತಾರೆ.

ನಮ್ಮ ಮನೆಯಲ್ಲಿ ಹಾಗೆ ಓದಿ ಹೇಳುತ್ತಿದ್ದವಳು ಆಯಿ. (ಮರಾಠಿ ಗೆಳೆಯರು ‘ಆಯಿ’ ಎಂದರೆ ತಾಯಿ ಎಂದು ತಿಳಿಯುತ್ತಾರೆ, ನಮ್ಮಲ್ಲಿ ಆಯಿ ಎಂದರೆ ಅಜ್ಜಿ.) ಮೋತಿಬಿಂದು ತೆಗೆಸಿದರೂ ಕಣ್ಣಿನ ಹಿಂಪೊರೆ ಸವೆದದ್ದರಿಂದ ಅವಳಿಗೆ ಈಗ ಅಕ್ಷರ ಕಾಣದು. ಮೊಮ್ಮಗಳು ಫಟಾಫಟ್ ಕನ್ನಡ ಮಾತಾಡುತ್ತಾಳೆ, ಆದರೆ ಓದಲು ಬಾರದು. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ಅಕ್ಷರವಿಲ್ಲ. ಇಬ್ಬರಿಗೂ ಇರುವುದು ಕಿವಿ ಮಾತ್ರ. ಹಾಗಾದರೆ ಪುಸ್ತಕವನ್ನೇ ಕಿವಿಗೆ ತಂದರೆ ಹೇಗೆ ಎಂದು ಹೊರಟಾಗ ತಿಳಿದದ್ದು, ಹಾಡು ಹಚ್ಚುವ ಯಂತ್ರ ಬೇರೆ, ಪುಸ್ತಕ ಹೇಳುವ ಯಂತ್ರ ಬೇರೆ ಎಂದು.

ಮೊಬೈಲ್ ಯಾಕೆ ಸಾಲದು?

‘ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಮತ್ತೆ ಬೇರೆ ಯಂತ್ರ ಯಾಕೆ?’ ಎಂದು ಕೇಳುವವರಿದ್ದಾರೆ. ನಾವೂ ಮೊದಲು ಅದನ್ನೇ ಮಾಡಿದೆವು. ಕತೆ ರಂಗಕ್ಕೆ ಬಂದಾಗ ಫೋನ್ ಬರುತ್ತದೆ. ನಡುವೆ ಸೀರೆಯ ಜಾಹೀರಾತು ಬರುತ್ತದೆ. ನುಣುಪು ಗಾಜಿನ ಮೇಲೆ ಆಯಿಯ ಬೆರಳಿಗೆ ಗುಂಡಿ ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ‘ಇದು ನನ್ನ ಮಾತ ಕೇಳಂಗಿಲ್ಲ ತಮ್ಮಾ’ ಎಂದು ಎರಡೇ ದಿನಕ್ಕೆ ಬದಿಗಿಟ್ಟಳು. ಮೊಮ್ಮಗಳ ಕೈಗೆ ಕೊಟ್ಟರೆ ಐದು ನಿಮಿಷ ಕತೆ, ಆಮೇಲೆ ಆಟ. ಮನೆಯ ಫೋನ್ ಹೊಲಕ್ಕೋ ಸೊಲ್ಲಾಪುರಕ್ಕೋ ಹೋದರೆ ಕತೆಯೂ ಅದರೊಂದಿಗೆ ಹೋಗುತ್ತದೆ.

ಎರಡನೆಯ ಸಲ ತಂದದ್ದು ದೀಪ ಮಿನುಗುವ, ರಿಮೋಟ್ ಇರುವ ಸ್ಪೀಕರ್ ಪೆಟ್ಟಿಗೆ. ಗಣಪತಿ ಮಂಟಪಕ್ಕೆ ಹೇಳಿ ಮಾಡಿಸಿದಂತಿತ್ತು. ಹಾಡು ಗುಡುಗಿದಂತೆ ಕೇಳುತ್ತಿತ್ತು. ಮಾತು ಮಾತ್ರ ಕೊಡದೊಳಗಿಂದ ಬಂದಂತೆ. ಢಂ ಢಂ ಎನ್ನುವ ತಗ್ಗು ಸ್ವರವನ್ನೇ ಎತ್ತಿ ಕೊಡುವ ಪೆಟ್ಟಿಗೆಗಳಲ್ಲಿ ಮಾತಿನ ಉಚ್ಚಾರ ಮಸುಕಾಗುತ್ತದೆ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು. ಬಂದ್ ಮಾಡಿ ಮತ್ತೆ ಹಚ್ಚಿದರೆ ಪ್ರತಿ ಸಲವೂ ಮೊದಲ ಅಧ್ಯಾಯದಿಂದಲೇ ಶುರು!

ಕ್ಯಾಸೆಟ್ ಕಲಿಸಿದ ಪಾಠ

ಹಳೆಯ ಟೇಪ್ ರೆಕಾರ್ಡರ್ ನೆನಪಿದೆಯೇ? ಕೀರ್ತನೆಯ ಕ್ಯಾಸೆಟ್ಟನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿದರೆ ಮರುದಿನ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಸುರುಳಿ ನಿಂತ ಜಾಗವೇ ಅದರ ನೆನಪು. ಡಿಜಿಟಲ್ ಯಂತ್ರಕ್ಕೆ ಆ ನೆನಪನ್ನು ಬೇರೆಯಾಗಿ ಕೊಡಬೇಕು. ಮೂರು ನಿಮಿಷದ ಹಾಡಿಗೆ ಅದು ಬೇಡ. ಎಂಟು ತಾಸಿನ ಕಾದಂಬರಿಗೆ ಅದಿಲ್ಲದೆ ಆಗದು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ವಾಟ್ ಎಷ್ಟು, ಬಣ್ಣ ಯಾವುದು ಎಂಬುದಲ್ಲ. ‘ನಿಲ್ಲಿಸಿದಲ್ಲಿಂದ ಮುಂದೆ ಹೇಳುತ್ತದೆಯೇ?’ ಎಂಬುದು.

ಕೇಳಿದರೆ ಸಾಲದು, ನೋಡಬೇಕು. ಸೊಲ್ಲಾಪುರದ ನವಿ ಪೇಟೆಯಲ್ಲಿ ಒಬ್ಬ ಅಂಗಡಿಕಾರ, ‘ಗಾಣಿ ವಾಜತಾತ ನಾ, ಆಣಖಿ ಕಾಯ ಪಾಹಿಜೆ?’ ಎಂದ. ಹಾಡು ಬರ್ತಾವಲ್ಲ, ಇನ್ನೇನು ಬೇಕು ಎಂಬ ಮಾತು. ಅವನದೂ ತಪ್ಪಲ್ಲ, ಕೊಳ್ಳುವವರು ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹಾಡಿಗೇ ಕೊಳ್ಳುತ್ತಾರೆ. ಅದಕ್ಕೇ ಮನೆಯಿಂದ ಕತೆ ತುಂಬಿದ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಕಾರ್ಡ್ ಹಾಕಿ, ಮೂರನೆಯ ಅಧ್ಯಾಯದ ನಡುವೆ ಬಂದ್ ಮಾಡಿ, ಬ್ಯಾಟರಿ ತೆಗೆದು ಮತ್ತೆ ಹಾಕಿ ಹಚ್ಚಿ ನೋಡಬೇಕು. ಕೆಲವು ಅದೇ ಮಾತಿನಿಂದ ಮುಂದುವರಿಯುತ್ತವೆ. ಕೆಲವು ಅಧ್ಯಾಯ ನೆನಪಿಡುತ್ತವೆ, ನಿಮಿಷ ನೆನಪಿಡುವುದಿಲ್ಲ. ಕೆಲವಕ್ಕೆ ಏನೂ ನೆನಪಿಲ್ಲ. ಒಂದೇ ತರಹ ಕಾಣುವ ಎರಡು ಪೆಟ್ಟಿಗೆಗಳಲ್ಲೂ ಈ ವ್ಯತ್ಯಾಸ ಇರುವುದರಿಂದ ಡಬ್ಬಿಯ ಮೇಲಿನ ಬರಹ ನಂಬುವಂತಿಲ್ಲ.

ಎರಡು ದಾರಿ

ಕಿಸೆಯ ಹಾಡಿನ ಯಂತ್ರಗಳ ಕಾಲ ಹೆಚ್ಚುಕಡಿಮೆ ಮುಗಿದಿದೆ. 2001ರಲ್ಲಿ ಬಂದ ಐಪಾಡ್ ತಯಾರಿಕೆಯನ್ನು ಆಪಲ್ ಕಂಪನಿ 2022ರಲ್ಲಿ ನಿಲ್ಲಿಸಿತು. ಸರೆಗಮ ಕಂಪನಿ 2017ರಲ್ಲಿ ತಂದ ಕಾರವಾನ್ ಮೊದಲೇ ಹಾಡು ತುಂಬಿ ಬರುವ ಪೆಟ್ಟಿಗೆ. ಹಿರಿಯರಿಗೆ ಗುಂಡಿ ಒತ್ತುವ ಯಂತ್ರವೇ ಹಿತ ಎಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ನಮ್ಮದೇ ಪುಸ್ತಕ ತುಂಬಿ ಕೇಳಲು ಸಾಮಾನ್ಯ ಮನೆಗೆ ಕೈಗೆಟಕುವುದು ಎರಡು ದಾರಿ.

ಒಂದು, ಮೆಮೊರಿ ಕಾರ್ಡ್ ಹಾಕಲು ಜಾಗವಿರುವ ಕೀಪ್ಯಾಡ್ ಫೋನು. ಸಿಮ್ ಹಾಕದೆ ಬರೀ ಕತೆಗೆಂದೇ ಇಟ್ಟರಾಯಿತು. ಗುಂಡಿಗಳು ಬೆರಳಿಗೆ ಸಿಗುತ್ತವೆ, ಬ್ಯಾಟರಿ ದಿನಗಟ್ಟಲೆ ಬರುತ್ತದೆ, ಕರೆಂಟು ಹೋದರೆ ಟಾರ್ಚೂ ಇದೆ. ಆದರೆ ಮೆನುವಿನೊಳಗೆ ಮೆನು ಹೊಕ್ಕು ಹುಡುಕುವುದು ಕಣ್ಣಿಲ್ಲದವರಿಗೆ ಕಷ್ಟ.

ಇನ್ನೊಂದು, ಅಂಗೈಯಗಲದ ರೇಡಿಯೊ ಪೆಟ್ಟಿಗೆ. ಎಫ್‌ಎಂ, ಕಾರ್ಡ್, ಪೆನ್‌ಡ್ರೈವ್ ಮೂರೂ ಇರುತ್ತವೆ. ಇಂಥವುಗಳಲ್ಲಿ ಅನೇಕ ಪೆಟ್ಟಿಗೆಗಳು ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಮೇಲೆ ನಡೆಯುತ್ತವೆ. ಇದು ಸಣ್ಣ ಸಂಗತಿಯಲ್ಲ. ಆ ಬ್ಯಾಟರಿ ಊರಿನ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ಸತ್ತರೆ ನಾವೇ ಬದಲಿಸಬಹುದು. ಒಳಗೇ ಬೆಸುಗೆ ಹಾಕಿದ ಬ್ಯಾಟರಿಯಾದರೆ ಎರಡು ವರ್ಷಕ್ಕೆ ಪೆಟ್ಟಿಗೆಯೇ ಮೂಲೆ ಸೇರಬಹುದು.

ನಾವು ತಂದದ್ದು ಈ ಎರಡನೆಯದು. ಕಾರ್ಡ್ ಸೇರಿ ಸಾವಿರದ ಇನ್ನೂರು ರೂಪಾಯಿ ಒಳಗೇ ಆಯಿತು. ಬಳಸುವ ಗುಂಡಿಗೆ ಮನೆಯಾಕೆ ತನ್ನ ಟಿಕಳಿ ಅಂಟಿಸಿದಳು, ಬೆರಳಾಡಿಸಿದರೆ ಗೊತ್ತಾಗುತ್ತದೆ. ಬೇಡದ ಗುಂಡಿಗಳ ಮೇಲೆ ಪಟ್ಟಿ ಹಚ್ಚಿದೆವು. ‘ಟಿಕಳಿ ಒತ್ತಿದ್ರ ಕತಿ, ಮತ್ತ ಒತ್ತಿದ್ರ ಗಪ್ಪ.’ ಆಯಿ ಒಂದೇ ದಿನಕ್ಕೆ ಕಲಿತಳು.

ನಿನ್ನೆ ಸತ್ತವ ಇವತ್ತು ಎದ್ದ!

ಯಂತ್ರ ಸರಿಯಿದ್ದರೂ ಕಾರ್ಡ್ ತುಂಬುವಾಗ ಎಡವಟ್ಟು ಆಗುತ್ತದೆ. ನಾನೇ ಓದಿ ಧ್ವನಿ ಹಿಡಿದ ಹಳೆಯ ಕಾದಂಬರಿಯೊಂದನ್ನು ಹಾಕಿಕೊಟ್ಟಿದ್ದೆ. ಮೂರನೆಯ ದಿನ ಆಯಿ ಕರೆದು, ‘ನಿನ್ನಿ ಸತ್ತಾಂವ ಇವತ್ತ ಹ್ಯಾಂಗ ಮಾತಾಡ್ಲಕತ್ತಾನೋ ತಮ್ಮಾ?’ ಎಂದು ಕೇಳಿದಳು. ನೋಡಿದರೆ ಯಂತ್ರ ಒಂದಾದ ಮೇಲೆ ಹತ್ತು, ಹನ್ನೊಂದು ಹೇಳಿ ಆಮೇಲೆ ಎರಡಕ್ಕೆ ಬಂದಿತ್ತು. ಯಂತ್ರ ಅಂಕಿಯನ್ನು ಅಕ್ಷರದಂತೆ ಓದುತ್ತದೆ. 1, 2 ಎನ್ನದೆ 001, 002 ಎಂದು ಹೆಸರಿಡಬೇಕು. ಕೆಲವು ಅಗ್ಗದ ಯಂತ್ರಗಳು ಹೆಸರನ್ನೂ ನೋಡುವುದಿಲ್ಲ. ಕಾರ್ಡಿಗೆ ಯಾವುದು ಮೊದಲು ಬಿತ್ತೋ ಅದನ್ನೇ ಮೊದಲು ಹೇಳುತ್ತವೆ. ಹೀಗಾಗಿ ಖಾಲಿ ಕಾರ್ಡಿಗೆ ಅಧ್ಯಾಯಗಳನ್ನು ಒಂದೊಂದಾಗಿ, ಸರದಿಯಲ್ಲೇ ಹಾಕುವುದು ಕ್ಷೇಮ. ಕನ್ನಡ ಲಿಪಿಯಲ್ಲಿ ಹೆಸರು ಬರೆದರೆ ಇಂಥ ಯಂತ್ರಗಳಲ್ಲಿ ಚೌಕುಳಿ ಡಬ್ಬಿಗಳಾಗಿ ಕಾಣುವುದೇ ಹೆಚ್ಚು, ಅಂಕಿ ಸಾಕು.

ಇನ್ನೊಂದು ಉಪಾಯ: ಪ್ರತಿ ಅಧ್ಯಾಯವನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿ. ಯಂತ್ರ ನಿಮಿಷ ಮರೆತರೂ ತುಂಡಿನ ನಂಬರ್ ನೆನಪಿಟ್ಟರೆ ನಷ್ಟ ಸ್ವಲ್ಪವೇ. ಕಂಪ್ಯೂಟರ್ ಇದ್ದವರು ಪುಕ್ಕಟೆ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ಇದನ್ನು ಮಾಡಬಹುದು.

ಕಾರ್ಡ್ ಎಷ್ಟು ದೊಡ್ಡದು ಬೇಕು? ಬಿ.ಕಾಂ. ಓದಿದವನಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಮಾತಿಗೆ 64 ಕೆಬಿಪಿಎಸ್ ದರ್ಜೆಯ ಎಂಪಿ3 ಸಾಕು. ಒಂದು ತಾಸಿಗೆ ಸುಮಾರು 29 ಎಂಬಿ. 32 ಜಿಬಿ ಕಾರ್ಡಿನಲ್ಲಿ ಸಾವಿರ ತಾಸು ಹಿಡಿಯುತ್ತದೆ. ದಿನಾ ಎರಡು ತಾಸು ಕೇಳಿದರೂ ವರ್ಷ ದಾಟುತ್ತದೆ. 64 ಜಿಬಿ ಮತ್ತು ಮೇಲಿನ ಕಾರ್ಡುಗಳು ಬೇರೆ ಪದ್ಧತಿಯಲ್ಲಿ ಸಿದ್ಧವಾಗಿ ಬರುವುದರಿಂದ ಅಗ್ಗದ ಯಂತ್ರಗಳು ಅವನ್ನು ಗುರುತಿಸದೆ ಇರಬಹುದು. ದೊಡ್ಡದು ತಂದು ಹಣ ಕಳೆಯುವುದು ಬೇಡ.

ಕತೆ ಎಲ್ಲಿಂದ?

ಇದು ಎಲ್ಲರೂ ಕೇಳುವ ಪ್ರಶ್ನೆ. ಆ್ಯಪ್‌ಗಳಲ್ಲಿ ಹಣ ಕೊಟ್ಟು ಪಡೆದ ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಆ ಆ್ಯಪಿನೊಳಗೇ ಬೀಗ ಹಾಕಿಕೊಂಡಿರುತ್ತವೆ, ಕಾರ್ಡಿಗೆ ಇಳಿಯುವುದಿಲ್ಲ. ಯಂತ್ರ ಕೊಳ್ಳುವ ಮೊದಲೇ ಇದನ್ನು ತಿಳಿದಿರಬೇಕು.

ಕಣ್ಣು ಕಾಣದವರಿಗೆ, ಮುದ್ರಿತ ಅಕ್ಷರ ಓದಲಾಗದವರಿಗೆ ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವಿದೆ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಇಂಥವರಿಗಾಗಿ ಪುಸ್ತಕವನ್ನು ಧ್ವನಿ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಸದಸ್ಯತ್ವ ಅಂಥವರಿಗೆ ಮಾತ್ರ. ಅಲ್ಲಿನ ಧ್ವನಿ ಪುಸ್ತಕದೊಳಗಿನ ಎಂಪಿ3ಗಳನ್ನು ಸಾದಾ ಪೆಟ್ಟಿಗೆಯೂ ಹೇಳಬಲ್ಲದು. ಬರೀ ಪಠ್ಯ ರೂಪದ ಪುಸ್ತಕವನ್ನು ಹೇಳಲಾರದು.

ಮಕ್ಕಳಿಗೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಕತೆಗಳಿವೆ. ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಓದಿ ಧ್ವನಿ ಹಿಡಿಯಬಹುದು. ಒಂದೇ ಕತೆ ಎರಡು ಭಾಷೆಯಲ್ಲಿ ಸಿಕ್ಕರೆ ನಮ್ಮಂಥ ಮನೆಗಳಿಗೆ ಹಬ್ಬವೇ.

ಇನ್ನು ಲೇಖಕರು ತೀರಿಹೋದ ಮರುವರ್ಷದಿಂದ ಎಣಿಸಿ 60 ವರ್ಷ ಮುಗಿದರೆ ನಮ್ಮ ದೇಶದಲ್ಲಿ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1942ರಲ್ಲಿ ತೀರಿಕೊಂಡ ಗಳಗನಾಥರು ಈ ಸಾಲಿನವರು. ಗಳಗನಾಥರಂತೂ ಮರಾಠಿಯ ಹರಿ ನಾರಾಯಣ ಆಪಟೆ ಅವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ನಮ್ಮ ಗಡಿಯ ಮನೆಗಳಿಗೆ ಎರಡು ಕಡೆಯಿಂದಲೂ ನೆಂಟರು. ಸೊನ್ನಲಿಗೆಯ ಸಿದ್ಧರಾಮನ ವಚನ ಓದಿ ಹಿಡಿಯಲೂ ಯಾರ ಅಪ್ಪಣೆಯೂ ಬೇಡ. ರಾತ್ರಿ ಹೊರಗಿನ ಸದ್ದಡಗಿದ ಮೇಲೆ, ಮೊಬೈಲನ್ನು ಗೇಣು ದೂರ ಇಟ್ಟು, ಫ್ಯಾನ್ ಬಂದ್ ಮಾಡಿ ಓದಿದರೆ ಸಾಕು.

ಕಾರ್ಡಿನ ಕೊನೆಯ ಖಾನೆ

ಹೀಗೆ ಕಾರ್ಡ್ ತುಂಬುತ್ತಿದ್ದಾಗ ಒಂದು ಸಂಜೆ ಆಯಿ ಹೇಳಿದಳು: ‘ಮಂದಿ ಕತಿ ಎಲ್ಲಾ ತುಂಬಿದಿ. ನನ್ನವ್ವ ಹೇಳಿದ್ದು ಯಾರು ತುಂಬಬೇಕು?’ ಅಂದಿನಿಂದ ಆಯಿಯ ಕತೆ ಹಿಡಿಯಲು ಕುಳಿತೆವು. ಹನ್ನೊಂದು ಆಗಿವೆ. ಯಾವ ಪುಸ್ತಕದಲ್ಲೂ ನಾನು ಕಾಣದ ಕತೆಗಳು, ಅರ್ಧ ಮರಾಠಿ ಬೆರೆತ ನಮ್ಮ ಕಡೆಯ ಕನ್ನಡದಲ್ಲಿ.

ಏಳನೆಯ ಕತೆಗೆ ಆಯಿ ನಡುವೆಯೇ ನಿಂತಳು. ‘ಮುಂದಿಂದು ಹೋಯ್ತವಾ, ನೆನಪಿಲ್ಲ’ ಎಂದಳು. ಮೊಬೈಲ್ ಓಡುತ್ತಲೇ ಇತ್ತು. ಪಕ್ಕದಲ್ಲಿದ್ದ ಹತ್ತು ವರ್ಷದ ಮೊಮ್ಮಗಳು, ‘ಮುಂದ ಆ ಮುದುಕಿ ಬಾವಿ ಕಡೆ ಹೋಗ್ತಾಳಲ್ಲ ಆಯಿ’ ಎಂದು ಉಳಿದ ಕತೆಯನ್ನು ಹೇಳಿ ಮುಗಿಸಿದಳು. ತೊಡೆಯ ಮೇಲೆ ಮಲಗಿ ಕೇಳಿದ್ದು ಅವಳಿಗೆ ಮರೆತಿರಲಿಲ್ಲ. ಅದನ್ನು ಕತ್ತರಿಸಿಲ್ಲ. ಇಬ್ಬರ ಧ್ವನಿಯೂ ಹಾಗೇ ಕಾರ್ಡಿನಲ್ಲಿದೆ.

ಕಾರ್ಡ್ ಕೆಡುವ ವಸ್ತು. ಪುಸ್ತಕ ಮತ್ತೆ ಸಿಗಬಹುದು, ಆ ಧ್ವನಿ ಸಿಗದು. ಅದಕ್ಕಾಗಿ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿದೆ, ಇನ್ನೊಂದು ಪುಣೆಯ ತಮ್ಮನ ಬಳಿ ಇದೆ. ನಿಮ್ಮ ಮನೆಯಲ್ಲೂ ಒಬ್ಬ ಆಯಿ, ಒಬ್ಬ ಮುತ್ಯಾ ಇದ್ದರೆ ಯಂತ್ರ ಆಮೇಲೆ ಕೊಂಡರೂ ನಡೆದೀತು. ಧ್ವನಿ ಹಿಡಿಯುವ ಕೆಲಸ ಈ ವಾರವೇ ಶುರುವಾಗಲಿ.

ಕೊಳ್ಳುವ ಮುನ್ನ ಗಮನಿಸಿ

* ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆಯೇ? ಅಂಗಡಿಯಲ್ಲೇ ನೋಡಿ.
* ಹಾಡು ಹಚ್ಚಿ ಅಲ್ಲ, ಮಾತು ಹಚ್ಚಿ ಕೇಳಿ. ಹಿರಿಯರನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು.
* ಗುಂಡಿ ಕಡಿಮೆ ಇರಲಿ, ಉಬ್ಬಿರಲಿ.
* ಬ್ಯಾಟರಿ ತೆಗೆದು ಬದಲಿಸುವಂತಿರಲಿ; ಮನೆಯ ಚಾರ್ಜರ್ ಹೊಂದುವಂತಿರಲಿ.
* ಕಾರ್ಡ್ 32 ಜಿಬಿವರೆಗೆ ಸಾಕು. ಬರೆದಷ್ಟು ಜಾಗವಿಲ್ಲದ ನಕಲಿ ಕಾರ್ಡುಗಳೂ ಇವೆ. ಬಿಲ್ ಪಡೆಯಿರಿ, ಪೂರ್ತಿ ತುಂಬಿ ನೋಡಿ.
* ಮಕ್ಕಳಿಗೆ ಇಯರ್‌ಫೋನ್‌ಗಿಂತ ಸ್ಪೀಕರ್ ಲೇಸು. ಇಯರ್‌ಫೋನ್ ಆದರೆ ಮಕ್ಕಳಿಗೆ 75 ಡೆಸಿಬಲ್, ದೊಡ್ಡವರಿಗೆ 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ತಾಸು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.